ಕತ್ತಲೆ ಕಾದು ಕಡಸುಗಳ ಬೆಳವಣಿಗೆ ಹಾರ್ಮೋನ್ ಅಳೆದದ್ದು

ಈ ಕೆಲಸದಲ್ಲಿ ನನಗೆ ಜಾಸ್ತಿ ಶ್ರಮ ಕೊಟ್ಟದ್ದು ಸೂಜಿಯೂ ಅಲ್ಲ, ಲ್ಯಾಬೂ ಅಲ್ಲ. ಕೊಟ್ಟಿಗೆಯಲ್ಲಿ ನಿಜವಾದ ಕತ್ತಲೆ ಮಾಡುವುದು.

ಮೆಲಟೋನಿನ್ ಅನ್ನುವ ಹಾರ್ಮೋನ್ ಬರುವುದು ಮಿದುಳಿನ ಪೀನಿಯಲ್ ಗ್ರಂಥಿಯಿಂದ. ಕತ್ತಲಾದ ಮೇಲೆ ಏರುತ್ತದೆ, ಬೆಳಕು ಬಿದ್ದರೆ ಬೇಗ ಇಳಿಯುತ್ತದೆ. 1958ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ದನಗಳ ಪೀನಿಯಲ್ ಗ್ರಂಥಿಯಿಂದಲೇ! ರಾತ್ರಿ ಇದು ಏರಿದಾಗ ಬೆಳವಣಿಗೆ ಹಾರ್ಮೋನ್ ಏನಾಗುತ್ತದೆ ಅನ್ನುವುದು ನನ್ನ ಪ್ರಶ್ನೆ. ಅದಕ್ಕೆ ಒಂದು ರಾತ್ರಿ ಪೂರ್ತಿ ಕತ್ತಲೆ, ಇನ್ನೊಂದು ರಾತ್ರಿ ದೀಪ. ಕಡಸುಗಳು ಮಾತ್ರ ಅವೇ.

ಬೆಳವಣಿಗೆ ಹಾರ್ಮೋನ್ ಒಂದೇ ಸಮನೆ ಹರಿಯುವುದಿಲ್ಲ, ಅಲೆ ಅಲೆಯಾಗಿ ಬರುತ್ತದೆ. ಒಂದು ಸಲ ರಕ್ತ ತೆಗೆದರೆ ಅಲೆಯ ನೆತ್ತಿ ಸಿಕ್ಕಿತೋ ತಳ ಸಿಕ್ಕಿತೋ ಗೊತ್ತಾಗುವುದಿಲ್ಲ, ಅಲ್ವಾ? ಹಾಗಾಗಿ 15 ನಿಮಿಷಕ್ಕೊಮ್ಮೆ ತೆಗೆದೆ. ಪ್ರತಿ ಸಲ ಚುಚ್ಚಿದರೆ ಯಾವ ದನವೂ ಸುಮ್ಮನಿರದು. ಹಿಂದಿನ ದಿನವೇ ಕೊರಳಿನ ದೊಡ್ಡ ರಕ್ತನಾಳಕ್ಕೆ ಕ್ಯಾತಿಟರ್ ಅನ್ನುವ ತೆಳು ಕೊಳವೆ ಹಾಕಿ, ಉದ್ದದ ನಳಿಕೆ ಜೋಡಿಸಿ, ಗೋದಲಿಯ ಹೊರಗೆ ತಂದಿಟ್ಟೆ. ಮೊದಲು ಬರುವ ಸಲೈನ್ ಬೆರೆತ ರಕ್ತ ಚೆಲ್ಲಬೇಕು. ಆಮೇಲಿನದು ಟ್ಯೂಬಿಗೆ, ಟ್ಯೂಬ್ ಐಸಿಗೆ. ಕೊನೆಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಬೆರೆಸಿದ ಸಲೈನ್ ನಳಿಕೆಯೊಳಗೆ. ಅಷ್ಟೂ ಹೊತ್ತು ಕಡಸು ಮಲಗಿ ಮೆಲುಕು ಹಾಕುತ್ತಿದ್ದರೆ ಕೆಲಸ ಸರಿಯಾಗಿದೆ ಅಂತ ಅರ್ಥ.

ಕತ್ತಲಲ್ಲಿ ಕಾಣಲು ಮಂದ ಕೆಂಪು ಟಾರ್ಚ್ ಬಳಸಿದೆ. ಬೆಳಕಿನ ಸುದ್ದಿಯನ್ನು ಪೀನಿಯಲ್‌ಗೆ ಮುಟ್ಟಿಸುವ ಕಣ್ಣಿನ ಕೋಶಗಳಿಗೆ ನೀಲಿ ಬೆಳಕು ಚೆನ್ನಾಗಿ ನಾಟುತ್ತದೆ, ಕೆಂಪು ತೀರಾ ಕಡಿಮೆ. ಟಾರ್ಚನ್ನೂ ದನದ ಮುಖಕ್ಕೆ ಹಿಡಿಯಲಿಲ್ಲ. ಯಂತ್ರಗಳ ಪುಟ್ಟ ಹಸಿರು ದೀಪಗಳಿಗೆ ಟೇಪ್ ಅಂಟಿಸಿದೆ. ಮೊಬೈಲ್ ಹೊರಗೇ ಇತ್ತು. (ಕೆಲಸದವರಿಗೆ ಇದೇ ದೊಡ್ಡ ಶಿಕ್ಷೆ!) ಮೇವಿನ ಹೊತ್ತನ್ನೂ ಎರಡೂ ರಾತ್ರಿ ಒಂದೇ ಇಟ್ಟೆ. ಮೇವು ತಿಂದ ಮೇಲೆ ದನಗಳಲ್ಲಿ ಈ ಹಾರ್ಮೋನ್ ಇಳಿಯುವುದುಂಟು, ಹೊಟ್ಟೆ ಹಸಿದರೆ ಏರುತ್ತದೆ. ಅದು ಬೆರೆತರೆ ದೀಪದ ಪ್ರಭಾವ ಯಾವುದು, ಮೇವಿನದು ಯಾವುದು ಅಂತ ಹೇಳುವವರು ಯಾರು?

ಗ್ರಾಫ್ ಹಾಕಿ ನೋಡಿದಾಗ ಕತ್ತಲೆಯ ರಾತ್ರಿ ಬೆಳವಣಿಗೆ ಹಾರ್ಮೋನಿನ ಒಟ್ಟು ಮಟ್ಟ ಮೇಲಿತ್ತು. ದೀಪ ಹಾಕಿದ ರಾತ್ರಿ ಆ ಏರಿಕೆ ತಗ್ಗಿತ್ತು, ಆದರೆ ಅಲೆಗಳು ನಿಂತಿರಲಿಲ್ಲ. ನಿಲ್ಲಬೇಕಾಗಿಯೂ ಇಲ್ಲ. ಮಿದುಳಿನದೇ ಒಂದು ಭಾಗವಾದ ಹೈಪೋಥಲಾಮಸ್‌ನಿಂದ ಬರುವ ಎರಡು ಹಾರ್ಮೋನುಗಳು ಇದನ್ನು ನಡೆಸುತ್ತವೆ: ಒಂದು ಬಿಡುಗಡೆಗೆ ತಳ್ಳುತ್ತದೆ, ಇನ್ನೊಂದು, ಸೊಮಾಟೊಸ್ಟ್ಯಾಟಿನ್, ತಡೆಯುತ್ತದೆ. ಮೆಲಟೋನಿನ್‌ನದು ಪಕ್ಕದಿಂದ ಕೊಡುವ ಒತ್ತಾಸೆ ಅಂತ ನನ್ನ ಲೆಕ್ಕ. ದೀಪ ಹಾಕಿದಾಗ ಮೆಲಟೋನಿನ್ ಒಂದೇ ಬದಲಾಗುವುದಿಲ್ಲ, ದನದ ನಿದ್ದೆಯೂ ಬದಲಾಗಬಹುದು. ಅದಕ್ಕೇ ಇಷ್ಟು ಎಚ್ಚರಿಕೆಯ ಮಾತು.

ದಿನಕ್ಕೆ 16 ಗಂಟೆ ಬೆಳಕು ಕೊಟ್ಟರೆ ಹಾಲು ಜಾಸ್ತಿ ಆಗುತ್ತದೆ ಅಂತ ಓದಿದವರು ಇದು ಉಲ್ಟಾ ಆಯ್ತಲ್ಲ ಅನ್ನಬಹುದು. ಅಲ್ಲಿ ವಾರಗಟ್ಟಲೆ ಹಗಲನ್ನು ಉದ್ದ ಮಾಡುತ್ತಾರೆ, ನಾನು ಹಾಕಿದ್ದು ಒಂದೇ ರಾತ್ರಿಯ ದೀಪ. ಅಲ್ಲಿ ಏರುವುದು ಪ್ರೊಲ್ಯಾಕ್ಟಿನ್ ಮತ್ತು ಐಜಿಎಫ್-1 ಅನ್ನುವ ಬೇರೆ ಹಾರ್ಮೋನುಗಳು. ಬೆಳವಣಿಗೆ ಹಾರ್ಮೋನ್ ಅಷ್ಟಾಗಿ ಅಲುಗಾಡುವುದಿಲ್ಲ.