ಮೂವರ್ ಬ್ಲೇಡಿಗೆ ಸಾಣೆ ಹಿಡಿದರೆ ಸಾಲದು, ತೂಕವನ್ನೂ ಸರಿದೂಗಿಸಿ

ಮಳೆ ಹಿಡಿತ ಬಿಟ್ಟ ಮೇಲೆ ಕೊಡಗಿನ ಹೋಂಸ್ಟೇ, ತೋಟದ ಮನೆಗಳ ಅಂಗಳದಲ್ಲಿ ಲಾನ್ ಮೂವರ್‌ಗಳಿಗೆ ಬಿಡುವಿಲ್ಲದ ಕೆಲಸ. ಹುಲ್ಲು ಕತ್ತರಿಸಿದ ಒಂದೆರಡು ದಿನಕ್ಕೆ ಲಾನ್ ಮೇಲೆಲ್ಲ ಬಿಳಿಚಿಕೊಂಡಂತೆ ಕಂಡರೆ ಗೊಬ್ಬರದ ಕೊರತೆ ಎಂದುಕೊಳ್ಳುವವರೇ ಹೆಚ್ಚು. ಒಂದು ಎಸಳು ಕಿತ್ತು ತುದಿ ನೋಡಿ. ನೇರವಾಗಿ ತುಂಡಾಗದೆ ನಾರುನಾರಾಗಿ ಸೀಳಿದ್ದರೆ ಬ್ಲೇಡ್ ಮೊಂಡಾಗಿದೆ ಎಂದೇ ಅರ್ಥ. ಸೀಳಿದ ತುದಿ ಒಣಗಿ ಕಂದುಬಣ್ಣಕ್ಕೆ ತಿರುಗುತ್ತದೆ, ತೇವದ ಹವೆಯಲ್ಲಿ ರೋಗವೂ ಬೇಗ ಅಂಟುತ್ತದೆ.

ಇಲ್ಲಿ ಹೇಳುತ್ತಿರುವುದು ಅಡಿಯಲ್ಲಿ ಒಂದೇ ಉದ್ದ ಬ್ಲೇಡ್ ತಿರುಗುವ ರೋಟರಿ ಮೂವರ್ ಬಗ್ಗೆ. ಉರುಳೆಯಾಕಾರದ ರೀಲ್ ಮೂವರ್‌ಗೆ ಸಾಣೆ ಹಿಡಿಯುವ ವಿಧಾನವೇ ಬೇರೆ, ಅದನ್ನು ವರ್ಕ್‌ಶಾಪಿಗೆ ಕೊಡುವುದೇ ಲೇಸು.

ಬಿಚ್ಚುವ ಮುನ್ನ

ಮೊದಲ ಕೆಲಸ ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು ದೂರ ಸರಿಸುವುದು. ಬ್ಲೇಡನ್ನು ಕೈಯಲ್ಲಿ ತಿರುಗಿಸಿದರೂ ಎಂಜಿನ್ ಒಮ್ಮೆ ಕಿಡಿ ಹೊಡೆದು ಸುತ್ತಬಹುದು, ಬೆರಳು ಹೋಗಲು ಅಷ್ಟು ಸಾಕು. ಕರೆಂಟಿನದಾದರೆ ಪ್ಲಗ್ ಕಿತ್ತಿಡಿ, ಬ್ಯಾಟರಿಯದಾದರೆ ಬ್ಯಾಟರಿಯನ್ನೇ ತೆಗೆದಿಡಿ.

ಪೆಟ್ರೋಲ್ ಯಂತ್ರವನ್ನು ಮಗುಚುವಾಗ ಏರ್ ಫಿಲ್ಟರ್, ಕಾರ್ಬುರೇಟರ್ ಇರುವ ಬದಿ ಮೇಲಕ್ಕೆ ಬರಬೇಕು. ಉಲ್ಟಾ ಆದರೆ ಎಂಜಿನ್ ಆಯಿಲ್ ಫಿಲ್ಟರಿಗೆ ಇಳಿಯುತ್ತದೆ. ಆಮೇಲೆ ಯಂತ್ರ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ಬಿಳಿ ಹೊಗೆ ಕಾರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗಲೇ ಈ ಕೆಲಸಕ್ಕೆ ಕೈ ಹಾಕಿ.

ಬ್ಲೇಡ್ ತಿರುಗದಂತೆ ಅದಕ್ಕೂ ಡೆಕ್ಕಿನ (ಬ್ಲೇಡನ್ನು ಸುತ್ತುವರಿದ ಹೊದಿಕೆ) ಗೋಡೆಗೂ ನಡುವೆ ಮರದ ತುಂಡು ಸಿಕ್ಕಿಸಿ. ಬೋಲ್ಟಿಗೆ ಸರಿಯಾದ ಅಳತೆಯ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್ ಬಳಸಿ. ಅಡ್ಜಸ್ಟಬಲ್ ಸ್ಪ್ಯಾನರ್ ಜಾರಿ ಬೋಲ್ಟಿನ ಮೂಲೆ ಸವೆಸುತ್ತದೆ. ಸಾಮಾನ್ಯವಾಗಿ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಒಂದು ಮಳೆಗಾಲ ಶೆಡ್ಡಿನಲ್ಲಿ ಕೂತ ಯಂತ್ರವಾದರೆ ಬೋಲ್ಟಿಗೆ ತುಕ್ಕು ಹಿಡಿದಿರುವುದು ಖಚಿತ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಡಿ. ವಾಷರ್‌ಗಳ ಕ್ರಮವನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ನೆಲದ ಕಡೆಗಿದ್ದ ಮೈಗೆ ಪೇಂಟಿನ ಚುಕ್ಕೆ ಇಡಿ. ಬ್ಲೇಡನ್ನು ತಲೆಕೆಳಗಾಗಿ ಕೂರಿಸಿದರೆ ಎಷ್ಟು ಹರಿತವಿದ್ದರೂ ಹುಲ್ಲು ಕತ್ತರಿಸದು.

ಅಂಟಿದ ಹುಲ್ಲಿನ ಹೆಂಟೆಯನ್ನು ಕೆರೆದು ವೈರ್ ಬ್ರಷ್ ಹಾಕಿದ ಮೇಲೆ ಬೆಳಕಿನಲ್ಲಿ ನೋಡಿ. ಬಿರುಕು ಬಿಟ್ಟಿದ್ದರೆ, ಬಾಗಿದ್ದರೆ, ಹಿಂಬದಿಯಲ್ಲಿ ಮೇಲಕ್ಕೆ ಬಾಗಿದ ರೆಕ್ಕೆಯ ಬುಡ ಸವೆದು ತೆಳುವಾಗಿದ್ದರೆ ಹೊಸದನ್ನೇ ಹಾಕಿ. ವೆಲ್ಡಿಂಗ್ ಮಾಡಿಸುವುದು, ಸುತ್ತಿಗೆಯಲ್ಲಿ ಬಡಿದು ನೆಟ್ಟಗಾಗಿಸುವುದು ಬೇಡವೇ ಬೇಡ.

ಸಾಣೆ

ವೈಸಿನಲ್ಲಿ ಬ್ಲೇಡನ್ನು ಬಿಗಿಯಾಗಿ ಹಿಡಿಸಿ. 10 ಅಂಗುಲದ ಚಪ್ಪಟೆ ಅರ ಸಾಕು. ಇಳಿಜಾರಿರುವ ಮೇಲ್ಮೈಗೆ ಮಾತ್ರ ಅರ ಹಾಕಬೇಕು, ಒಂದೇ ದಿಕ್ಕಿನಲ್ಲಿ, ಮುಂದಕ್ಕೆ ತಳ್ಳುತ್ತ. ಹಿಂದಕ್ಕೆ ಎಳೆಯುವಾಗ ಒತ್ತಿದರೆ ಅರದ ಹಲ್ಲೇ ಮೊಂಡಾಗುತ್ತದೆ. ಕಂಪನಿ ಕೊಟ್ಟ ಕೋನವನ್ನೇ ಅನುಸರಿಸಿ. ಸಾಮಾನ್ಯವಾಗಿ ಅದು 30 ಡಿಗ್ರಿಯ ಆಸುಪಾಸು. ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ಅರ ಆಡಿಸಿ. ಬಣ್ಣ ಇಡೀ ಅಗಲದಲ್ಲಿ ಸಮನಾಗಿ ಹೋದರೆ ಕೋನ ಸರಿ, ಒಂದು ಅಂಚಿನಲ್ಲಿ ಮಾತ್ರ ಹೋದರೆ ಕೈ ಓರೆಯಾಗಿದೆ.

ಕಲ್ಲು ಬಡಿದು ಆದ ಸಣ್ಣ ಕಚ್ಚುಗಳನ್ನೆಲ್ಲ ಅಳಿಸಲು ಹೊರಟರೆ ಬ್ಲೇಡೇ ಸವೆದುಹೋಗುತ್ತದೆ. ಅವು ಹಾಗೇ ಇರಲಿ. ಬೆಣ್ಣೆ ಸವರುವ ಚಾಕುವಿನಷ್ಟು ಹರಿತ ಸಾಕು. ಕ್ಷೌರದ ಬ್ಲೇಡಿನಂತೆ ತೆಳ್ಳಗಾದ ಅಂಚು ಮೊದಲ ಸಿಲ್ವರ್ ಓಕ್ ಕಡ್ಡಿಗೇ ಮಡಚಿಕೊಳ್ಳುತ್ತದೆ. ಕೊನೆಗೆ ಅಡಿಮೈಯಲ್ಲಿ ಎದ್ದ ಲೋಹದ ಮುಳ್ಳನ್ನು ಅರ ಮಲಗಿಸಿ ಒಂದೆರಡು ಸಲ ಸವರಿ ತೆಗೆಯಿರಿ. ಎರಡೂ ತುದಿಗೆ ಎಣಿಸಿ ಅಷ್ಟಷ್ಟೇ ಸಲ ಅರ ಹಾಕಿದರೆ ಮುಂದಿನ ಕೆಲಸ ಹಗುರ.

ಆ್ಯಂಗಲ್ ಗ್ರೈಂಡರ್ ಬಳಸುವವರು ಕಟಿಂಗ್ ವೀಲ್ ಬಿಟ್ಟು 60 ಅಥವಾ 80 ಗ್ರಿಟ್ ಫ್ಲ್ಯಾಪ್ ಡಿಸ್ಕ್ (ಉಜ್ಜುಕಾಗದದ ಪಟ್ಟಿಗಳನ್ನು ಜೋಡಿಸಿದ ಚಕ್ರ) ಹಾಕಿ. ಕನ್ನಡಕ ಕಡ್ಡಾಯ. ಒಂದೇ ಕಡೆ ಒತ್ತಿ ಹಿಡಿದರೆ ಅಂಚು ನೀಲಿಗಟ್ಟುತ್ತದೆ. ನೀಲಿಯಾಯಿತೆಂದರೆ ಉಕ್ಕಿನ ಹದ ಹೋಯಿತು, ಆ ಜಾಗ ಮತ್ತೆ ಮತ್ತೆ ಮೊಂಡಾಗುತ್ತದೆ.

ತೂಕ

ಬಹಳ ಜನ ಬಿಟ್ಟುಬಿಡುವ ಕೆಲಸ ಇದು. 18 ಅಂಗುಲದ ಬ್ಲೇಡ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದು ತುದಿ ಬರೀ 10 ಗ್ರಾಂ ಹೆಚ್ಚಿದ್ದರೂ ಎಂಜಿನ್ನಿನ ಶಾಫ್ಟನ್ನು ಸುಮಾರು 23 ಕಿಲೋ ಭಾರದಷ್ಟು ಬಲ ಪಕ್ಕಕ್ಕೆ ಎಳೆಯುತ್ತದೆ, ಅದೂ ಸೆಕೆಂಡಿಗೆ 50 ಸಲ ದಿಕ್ಕು ಬದಲಿಸುತ್ತ. ಹಿಡಿಕೆ ಹಿಡಿದ ಕೈ ಜೋಮು ಹಿಡಿಯುವುದು, ನಟ್ಟುಗಳು ಸಡಿಲವಾಗುವುದು, ಬೇರಿಂಗ್ ಮತ್ತು ಆಯಿಲ್ ಸೀಲ್ ಹಾಳಾಗುವುದು ಇದರಿಂದಲೇ.

ಗೋಡೆಗೆ ಹೊಡೆದ ನೇರ ಮೊಳೆಗೆ ಬ್ಲೇಡಿನ ನಡುತೂತನ್ನು ತೂಗುಹಾಕಿ, ಅಡ್ಡಕ್ಕೆ ಹಿಡಿದು ಬಿಡಿ. ಕೆಳಗಿಳಿಯುವ ತುದಿ ಭಾರ. ಬ್ಲೇಡನ್ನು ತಿರುಗಿಸಿ ಎಡದ ತುದಿಯನ್ನು ಬಲಕ್ಕೆ ತಂದು ಮತ್ತೆ ನೋಡಿ. ಅದೇ ತುದಿ ಇಳಿದರೆ ತೂಕದ ವ್ಯತ್ಯಾಸ ನಿಜ. ಯಾವ ತುದಿ ಬಂದರೂ ಗೋಡೆಯ ಒಂದೇ ಬದಿ ಇಳಿದರೆ ಮೊಳೆ ತೂತಿನ ಮಧ್ಯಕ್ಕೆ ಕೂತಿಲ್ಲ. ನಕ್ಷತ್ರದಾಕಾರದ ತೂತಿನಲ್ಲಿ ಹೀಗಾಗುವುದು ಹೆಚ್ಚು. ಮೊಳೆ ಸಣ್ಣ ವ್ಯತ್ಯಾಸವನ್ನು ತೋರಿಸದೆಯೂ ಹೋಗಬಹುದು, ಏಕೆಂದರೆ ಬ್ಲೇಡ್ ತನ್ನ ತೂಕದ ನಡುವಿಗಿಂತ ಮೇಲಿನಿಂದ ತೂಗುತ್ತದೆ. ಮೇಲಿಂದ ಮೇಲೆ ಸಾಣೆ ಹಿಡಿಯುವವರು ಶಂಕುವಿನಾಕಾರದ ಬ್ಯಾಲೆನ್ಸರ್ ಇಟ್ಟುಕೊಳ್ಳುವುದು ಒಳ್ಳೆಯದು.

ಭಾರದ ತುದಿಯಲ್ಲಿ ಹುಲ್ಲು ಕತ್ತರಿಸದ ಹಿಂಬದಿಯನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ, ಪ್ರತಿ ಸಲವೂ ತೂಗಿ ನೋಡಿ. ಹರಿತದ ಅಂಚನ್ನೇ ತಿನ್ನುತ್ತ ಹೋಗಬೇಡಿ.

ಮತ್ತೆ ಜೋಡಿಸುವಾಗ

ರೆಕ್ಕೆ ಡೆಕ್ಕಿನ ಕಡೆಗೆ, ಪೇಂಟಿನ ಚುಕ್ಕೆ ನೆಲದ ಕಡೆಗೆ. ಬೋಲ್ಟನ್ನು ಯಂತ್ರದ ಕೈಪಿಡಿಯಲ್ಲಿ ಹೇಳಿದಷ್ಟು ಟಾರ್ಕ್ (ತಿರುಚುವ ಬಲ) ಕೊಟ್ಟೇ ಬಿಗಿಯಿರಿ. ಬ್ಲೇಡಿನ ತುದಿ ಗಂಟೆಗೆ 250 ಕಿ.ಮೀ.ಗೂ ಮೀರಿ ಓಡುತ್ತದೆ, ಸಡಿಲ ಬೋಲ್ಟ್ ಎಂದರೆ ಹುಡುಗಾಟವಲ್ಲ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಮಕ್ಕಳು, ನಾಯಿ ಹತ್ತಿರ ಇರಬಾರದು. ಅದುರಿದರೆ ತಕ್ಷಣ ನಿಲ್ಲಿಸಿ ಮತ್ತೆ ತೂಗಿ ನೋಡಿ. ತೂಕ ಸರಿಯಿದ್ದೂ ಅದುರುತ್ತಿದ್ದರೆ ಶಾಫ್ಟ್ ಬಾಗಿರಬಹುದು, ಅದು ಮೆಕ್ಯಾನಿಕ್ ನೋಡಬೇಕಾದ ಕೆಲಸ.

20ರಿಂದ 25 ಗಂಟೆ ಓಡಿದ ಮೇಲೊಮ್ಮೆ, ಕಲ್ಲಿಗೋ ಬೇರಿಗೋ ಬಡಿದಾಗಲಂತೂ ಅಂದೇ, ಬ್ಲೇಡ್ ಪರೀಕ್ಷಿಸಿ. ಜೂನ್‌ನಲ್ಲಿ ಯಂತ್ರ ಒಳಗಿಡುವ ಮುನ್ನ ಬ್ಲೇಡಿಗೆ ಎಂಜಿನ್ ಆಯಿಲ್ ಸವರಿ.

ತೋಟದ ಕಳೆ ತೆಗೆಯುವ ವೀಡ್ ಕಟರ್‌ನ ಮೂರು ಹಲ್ಲಿನ ಬ್ಲೇಡಿಗೂ ಇದೇ ಅರ, ಇದೇ ಎಚ್ಚರ. ಆದರೆ ಅದರ ನಟ್ ಬಹುತೇಕ ಎಡತಿರುಪಿನದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದು ತಿಳಿಯದೆ ಎಡಕ್ಕೆ ಜೋರಾಗಿ ತಿರುಗಿಸಿ ಥ್ರೆಡ್ ಕೆಡಿಸುವುದು ಸಾಮಾನ್ಯ.