ಆಫೀಸಿನಲ್ಲಿ ಎದೆ ಢವಢವ ಅಂದಾಗ: ಪ್ಯಾನಿಕ್ ಅಟ್ಯಾಕ್ ನಿಭಾಯಿಸುವುದು ಹೇಗೆ?

ಬೆಳಿಗ್ಗೆ 11 ಗಂಟೆಯ ಮೀಟಿಂಗ್. ಇನ್ನಿಬ್ಬರು ಮಾತಾಡಿದ ಮೇಲೆ ನಿಮ್ಮ ಸರದಿ. ಇದ್ದಕ್ಕಿದ್ದ ಹಾಗೆ ಎದೆ ಬಡಿತ ಜೋರಾಗುತ್ತದೆ. ಎಸಿ ಓಡುತ್ತಿದ್ದರೂ ಬೆನ್ನು ಬೆವರುತ್ತದೆ. ಎಷ್ಟು ಎಳೆದುಕೊಂಡರೂ ಉಸಿರು ಸಾಲುವುದಿಲ್ಲ. ಮೌಸ್ ಹಿಡಿದ ಬೆರಳು ಜುಮುಜುಮು ಅನ್ನುತ್ತದೆ, ತುಟಿ ಮರಗಟ್ಟಿದ ಹಾಗಾಗುತ್ತದೆ. ಎದುರಿಗಿದ್ದವರ ಮಾತು ಎಲ್ಲಿಂದಲೋ ಕೇಳಿಸುತ್ತದೆ. ತಲೆಯಲ್ಲಿ ಮಾತ್ರ ಒಂದೇ ಯೋಚನೆ: ಇಲ್ಲೇ ಬಿದ್ದುಹೋಗ್ತೀನಿ.

ಪ್ಯಾನಿಕ್ ಅಟ್ಯಾಕ್ ಬರುವುದು ಹೀಗೆ. ನಮ್ಮಲ್ಲಿ ಇದಕ್ಕೆ ಮೊದಲು ಸಿಗುವ ಉತ್ತರ ‘ಗ್ಯಾಸ್ ಇರ್ಬೇಕು, ಜೀರಿಗೆ ಸೋಡಾ ಕುಡಿ’. ಅದಕ್ಕೂ ಜಗ್ಗದಿದ್ದರೆ ನೇರವಾಗಿ ಹಾರ್ಟ್ ಅಟ್ಯಾಕ್‌ನ ಭಯ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಸಾಲುಸಾಲಾಗಿ ಬಂದಾಗ, ತಪಾಸಣೆಗೆಂದು ಜಯದೇವ ಆಸ್ಪತ್ರೆಗೆ ಜನ ಮುಗಿಬಿದ್ದಿದ್ದರು. ಆ ಭಯ ಸುಮ್ನೆ ಹೋಗುವಂಥದ್ದಲ್ಲ. ಹಾಗಾಗಿ ಮೊದಲು ಹೃದಯದ ವಿಷಯವನ್ನೇ ಮುಗಿಸಿಕೊಳ್ಳೋಣ.

ಮೊದಲ ಸಲವಾದರೆ ಡಾಕ್ಟರ್ ಹತ್ತಿರ ಹೋಗಿ

ಇದು ಪ್ಯಾನಿಕ್ ಎಂದು ನಿಮಗೆ ನೀವೇ ಸರ್ಟಿಫಿಕೇಟ್ ಕೊಟ್ಟುಕೊಳ್ಳಬೇಡಿ. ಎದೆಯಲ್ಲಿ ಒತ್ತಿ ಹಿಡಿದಂಥ ನೋವು, ಅದು ತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು, ಮೆಟ್ಟಿಲು ಹತ್ತಿದಾಗ ಜಾಸ್ತಿಯಾಗುವುದು, ಕೂತರೂ ಕಡಿಮೆಯಾಗದಿರುವುದು: ಇವಿದ್ದರೆ ಉಸಿರಾಟದ ವ್ಯಾಯಾಮ ಮಾಡುತ್ತಾ ಕೂರಬಾರದು. 108ಕ್ಕೆ ಕರೆ ಮಾಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಲಕ್ಷಣಗಳು ಇಷ್ಟು ಸ್ಪಷ್ಟವಾಗಿ ಇರದೆಯೂ ಹೋಗಬಹುದು. ಅನುಮಾನ ಬಂದರೆ ಆಸ್ಪತ್ರೆಗೆ ಹೋಗುವುದೇ ಸರಿ.

ತುರ್ತು ಇಲ್ಲದಿದ್ದರೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಇಸಿಜಿ ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆಯನ್ನೂ ಡಾಕ್ಟರ್ ಹೇಳಬಹುದು. ಥೈರಾಯ್ಡ್ ಜಾಸ್ತಿಯಾದರೂ, ರಕ್ತಹೀನತೆ ಇದ್ದರೂ, ಸಕ್ಕರೆ ಇಳಿದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಎಲ್ಲ ಸರಿಯಿದೆ ಎಂದು ಗೊತ್ತಾದ ಮೇಲೆ ಆ ಮಾತನ್ನು ನಂಬಿ. ಪ್ರತಿ ಸಲವೂ ಇಸಿಜಿಗೆ ಓಡುವುದು ಆ ದಿನಕ್ಕೆ ಸಮಾಧಾನ, ಮಾರನೇ ದಿನಕ್ಕೆ ಮತ್ತೆ ಅನುಮಾನ.

ಒಳಗೆ ಏನಾಗುತ್ತಿದೆ?

ಅಪಾಯ ಬಂದಿದೆ ಎಂದು ಮೆದುಳು ತಪ್ಪಾಗಿ ತಿಳಿದು ಅಡ್ರಿನಲಿನ್ ಎಂಬ ಹಾರ್ಮೋನ್ ಬಿಡುಗಡೆ ಮಾಡಿಸುತ್ತದೆ. ಓಡಲು, ಹೋರಾಡಲು ದೇಹ ಸಜ್ಜಾಗುತ್ತದೆ. ನೀವೋ ಕುರ್ಚಿಯಲ್ಲಿ ಕೂತಿದ್ದೀರಿ! ಉಸಿರಾಟ ಜೋರಾಗಿ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜುಮುಜುಮು ಅನ್ನುವುದು, ತುಟಿ ಮರಗಟ್ಟುವುದು, ತಲೆ ಹಗುರಾಗುವುದು ಮುಖ್ಯವಾಗಿ ಅದರಿಂದಲೇ. ಅಂದರೆ ನಿಮಗೆ ಗಾಳಿ ಸಾಲುತ್ತಿಲ್ಲ ಅಂತಲ್ಲ. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡುತ್ತಿದ್ದೀರಿ. ಬಿದ್ದುಹೋಗುವ ಭಯವೂ ಅಷ್ಟೇ. ಮೂರ್ಛೆ ಹೋಗುವುದು ಸಾಮಾನ್ಯವಾಗಿ ಬಿಪಿ ಇಳಿದಾಗ. ಪ್ಯಾನಿಕ್‌ನಲ್ಲಿ ಬಿಪಿ ಏರುವುದೇ ಜಾಸ್ತಿ.

ಬಹಳ ಸಲ ಹತ್ತು ನಿಮಿಷದೊಳಗೆ ಇದು ತುದಿ ಮುಟ್ಟುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಅದನ್ನು ಉದ್ದ ಮಾಡುವುದು ಎರಡನೇ ಭಯ. ‘ಅಯ್ಯೋ, ಶುರುವಾಯ್ತು, ಎಲ್ಲರಿಗೂ ಗೊತ್ತಾಗುತ್ತೆ’ ಎಂಬ ಭಯ. ನಿಭಾಯಿಸಬೇಕಾದದ್ದು ಇದನ್ನೇ.

ಶುರುವಾದಾಗ

ಮನಸ್ಸಿನಲ್ಲೇ ಹೇಳಿಕೊಳ್ಳಿ: ಇದು ಪ್ಯಾನಿಕ್. ಹೋದ ಸಲವೂ ಬಂದಿತ್ತು, ಹೋಯಿತು. ವಾಚ್ ನೋಡಿ ಸಮಯ ಗುರುತಿಟ್ಟುಕೊಳ್ಳಿ. ‘ಯಾವಾಗ ನಿಲ್ಲುತ್ತೋ’ ಅನ್ನುವುದಕ್ಕೆ ಒಂದು ಅಂದಾಜಾದರೂ ಸಿಗುತ್ತದೆ.

ಆಮೇಲೆ ಉಸಿರು. ‘ದೀರ್ಘವಾಗಿ ಉಸಿರು ಎಳ್ಕೋ’ ಎಂದು ಪಕ್ಕದವರು ಹೇಳುತ್ತಾರೆ ಅಲ್ವಾ? ಅದನ್ನು ಕೇಳಬೇಡಿ. ಮೊದಲೇ ಹೆಚ್ಚಾಗಿರುವ ಉಸಿರನ್ನು ಇನ್ನೂ ಎಳೆದರೆ ಬೆರಳು ಮತ್ತಷ್ಟು ಜುಮುಗುಡುತ್ತದೆ. ಹೀಗೆ ಮಾಡಿ: ಟೇಬಲ್ ಕೆಳಗೆ ಒಂದು ಕೈಯನ್ನು ಹೊಟ್ಟೆಯ ಮೇಲಿಡಿ. ಬಾಯಿ ಮುಚ್ಚಿ. ಮೂಗಿನಿಂದ ಮೆತ್ತಗೆ, ಸ್ವಲ್ಪವೇ ಎಳೆದುಕೊಳ್ಳಿ, 4 ಎಣಿಸುವಷ್ಟು. ಬಿಡುವುದು ಇನ್ನೂ ನಿಧಾನ, 6 ಎಣಿಸುವಷ್ಟು. ಹೊಟ್ಟೆಯ ಮೇಲಿನ ಕೈ ಏಳಬೇಕು, ಭುಜ ಏಳಬಾರದು. ಯಾರಿಗೂ ಗೊತ್ತಾಗುವುದಿಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಕವರ್‌ನೊಳಗೆ ಉಸಿರಾಡುವುದು ಬೇಡವೇ ಬೇಡ. ನಿಜವಾಗಿ ಹೃದಯದ್ದೋ ಅಸ್ತಮಾದ್ದೋ ತೊಂದರೆಯಿದ್ದರೆ ಅದು ಅಪಾಯ.

ಪಾದ ನೆಲಕ್ಕೆ ಊರಿ. ಗಮನವನ್ನು ಎದೆಯಿಂದ ಹೊರಗೆ ತನ್ನಿ: ಪರದೆಯ ಮೇಲಿನ ಮೂರು ಪದ ಓದಿ, ಯಾರು ಏನು ಹೇಳುತ್ತಿದ್ದಾರೆ ಎಂದು ಕೇಳಿ, ಒಂದು ಸಾಲು ಬರೆದುಕೊಳ್ಳಿ. ಎದೆ ಹೊಡೆದುಕೊಳ್ಳುತ್ತಿರಲಿ ಬಿಡಿ. ಅದನ್ನು ನಿಲ್ಲಿಸಲು ಹೆಣಗಾಡಬೇಡಿ. ನಿಲ್ಲಿಸಬೇಕೆಂಬ ಹಟವೇ ಅಡ್ರಿನಲಿನ್‌ಗೆ ತುಪ್ಪ ಸುರಿಯುತ್ತದೆ.

ಡ್ರೈವಿಂಗ್‌ನಲ್ಲಿ ಇರುವವರು, ಮಷೀನಿನ ಮುಂದೆ ನಿಂತವರು ಮಾತ್ರ ಇದನ್ನೆಲ್ಲ ಆಮೇಲೆ ಮಾಡಬೇಕು. ಮೊದಲು ಗಾಡಿ ಬದಿಗೆ ಹಾಕಿ, ಮಷೀನ್ ನಿಲ್ಲಿಸಿ.

ಎದ್ದು ಹೋದರೂ ವಾಪಸ್ ಬನ್ನಿ

ಆದಷ್ಟೂ ಅಲ್ಲೇ ಕೂತಿರಿ. ಆಗದೇ ಹೋದರೆ ‘ಎರಡು ನಿಮಿಷ ಬಂದೆ’ ಎಂದು ಹೊರಗೆ ಹೋಗಿ, ಏನೂ ತಪ್ಪಿಲ್ಲ. ಆದರೆ ಸ್ವಲ್ಪ ಇಳಿದ ಮೇಲೆ ಅದೇ ಕೋಣೆಗೆ, ಅದೇ ಕುರ್ಚಿಗೆ ವಾಪಸ್ ಬನ್ನಿ. ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನೇರ ಮನೆಗೆ ಹೋದರೆ ಮೆದುಳು ಕಲಿಯುವ ಪಾಠ ‘ಓಡಿದ್ದರಿಂದ ಉಳಿದೆ’. ಮುಂದಿನ ಸಲ ಆ ಕೋಣೆಯ ಬಾಗಿಲು ಕಂಡರೇ ಎದೆ ಬಡಿದುಕೊಳ್ಳುತ್ತದೆ. ಮೊದಲು ಒಂದು ಮೀಟಿಂಗ್ ತಪ್ಪಿಸುತ್ತೀರಿ, ಆಮೇಲೆ ಲಿಫ್ಟ್, ಆಮೇಲೆ ಮೆಟ್ರೊ, ಕೊನೆಗೆ ಕೆಲಸವನ್ನೇ ಬಿಡುವ ಯೋಚನೆ.

ಇದರ ಮರಿಗಳೂ ಇವೆ. ಯಾವಾಗಲೂ ಬಾಗಿಲ ಪಕ್ಕದ ಸೀಟೇ ಬೇಕು, ನೀರಿನ ಬಾಟಲಿ ಇಲ್ಲದೆ ಏಳುವುದಿಲ್ಲ, ಕಾಲ್‌ನಲ್ಲಿ ಕ್ಯಾಮೆರಾ ಆನ್ ಮಾಡುವುದಿಲ್ಲ, ಪರ್ಸಿನಲ್ಲಿ ಒಂದು ಮಾತ್ರೆ ಇರಲೇಬೇಕು. ಇವೆಲ್ಲ ಊರುಗೋಲುಗಳು. ಒಂದೊಂದಾಗಿ ಬಿಡುತ್ತಾ ಬನ್ನಿ.

ಮಾತ್ರೆ ಅಂದಾಗ ಒಂದು ಮಾತು. ಯಾರೋ ಕೊಟ್ಟ ಆಲ್ಪ್ರಜೋಲಮ್ ಎಂಬ ಆತಂಕ ಇಳಿಸುವ ಮಾತ್ರೆ ನುಂಗಿ ಪ್ರೆಸೆಂಟೇಶನ್‌ಗೆ ಹೋಗುವವರಿದ್ದಾರೆ. ಬೇಗ ಆರಾಮ ಕೊಡುವುದು ನಿಜ. ಅಷ್ಟೇ ಬೇಗ ಅಭ್ಯಾಸವೂ ಆಗುತ್ತದೆ, ಮಂಪರು ಬೇರೆ. ಡಾಕ್ಟರ್ ಬರೆದುಕೊಡದೆ ಮುಟ್ಟಬೇಡಿ. ಈಗಾಗಲೇ ದಿನಾ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ಕಾಫಿಯನ್ನೂ ಗಮನಿಸಿ. ಖಾಲಿ ಹೊಟ್ಟೆಯಲ್ಲಿ ಸ್ಟ್ರಾಂಗ್ ಕಾಫಿ ಕುಡಿದರೆ ಬರುವ ನಡುಕವನ್ನೇ ಪ್ಯಾನಿಕ್‌ನ ಆರಂಭ ಅಂದುಕೊಳ್ಳುವುದುಂಟು.

ಪಕ್ಕದ ಸೀಟಿನವರಿಗೆ ಬಂದರೆ

ಸುತ್ತ ಗುಂಪು ಸೇರಬೇಡಿ. ‘ರಿಲ್ಯಾಕ್ಸ್, ಏನೂ ಆಗಿಲ್ಲ’ ಅನ್ನುವುದು ಕೆಲಸಕ್ಕೆ ಬಾರದ ಮಾತು, ಅವರಿಗೆ ಆಗುತ್ತಿದೆಯಲ್ಲ! ಒಬ್ಬರೇ ಪಕ್ಕದಲ್ಲಿ ಕೂತು, ‘ಹಿಂದೆ ಹೀಗೆ ಆಗಿತ್ತಾ?’ ಎಂದು ಕೇಳಿ. ಆಗಿತ್ತು ಅಂದರೆ ‘ನಾನು ಇಲ್ಲೇ ಇದ್ದೀನಿ, ಸ್ವಲ್ಪ ಹೊತ್ತಲ್ಲಿ ಇಳಿಯುತ್ತೆ’ ಅನ್ನಿ. ಮೊದಲ ಸಲ ಅಂದರೆ, ಎದೆನೋವು ಅಂದರೆ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾರನೇ ದಿನ ಕ್ಯಾಂಟೀನಿನಲ್ಲಿ ಅದನ್ನು ಸುದ್ದಿ ಮಾಡಬೇಡಿ.

ಬಾಸ್‌ಗೆ ಹೇಳಬೇಕೇ?

ಹೇಳಲೇಬೇಕೆಂದಿಲ್ಲ. ನಂಬಿಕೆ ಇರುವ ಒಬ್ಬ ಸಹೋದ್ಯೋಗಿಗೆ ಗೊತ್ತಿದ್ದರೂ ಸಾಕು. ಹೇಳುವುದಾದರೆ ಅಟ್ಯಾಕ್ ಆದ ದಿನ ಬೇಡ. ಬೇರೆ ದಿನ, ಚಿಕ್ಕದಾಗಿ: ‘ನನಗೆ ಆಗಾಗ ಪ್ಯಾನಿಕ್ ಅಟ್ಯಾಕ್ ಬರುತ್ತೆ, ಚಿಕಿತ್ಸೆ ತಗೊಳ್ತಿದ್ದೀನಿ. ಮೀಟಿಂಗ್ ಮಧ್ಯೆ ಐದು ನಿಮಿಷ ಎದ್ದು ಹೋದರೆ ವಾಪಸ್ ಬರ್ತೀನಿ.’ ಎಲ್ಲ ಬಾಸ್‌ಗಳೂ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಹೇಳುವಷ್ಟು ಮುಗ್ಧತೆ ನನಗಿಲ್ಲ, ಅವರ ಸ್ವಭಾವ ನೋಡಿಕೊಂಡು ಹೇಳಿ. ಕಾನೂನು ಮಾತ್ರ ನಿಮ್ಮ ಕಡೆ ಇದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರವನ್ನು ಡಾಕ್ಟರ್ ಗುಟ್ಟಾಗಿಡಬೇಕು. ದೇಹದ ಕಾಯಿಲೆಗಳಿಗೆ ವಿಮೆ ಇರುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮಾ ಕಂಪನಿಗಳು ವಿಮೆ ಕೊಡಬೇಕು.

ಮತ್ತೆ ಮತ್ತೆ ಬಂದರೆ

ಪ್ಯಾನಿಕ್‌ಗೆ ಚೆನ್ನಾಗಿ ಕೆಲಸ ಮಾಡುವ ಚಿಕಿತ್ಸೆ ಇದೆ. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಥೆರಪಿಸ್ಟ್ ನಿಮ್ಮನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ತಿರುಗಿಸಬಹುದು, ಸ್ಟ್ರಾ ಮೂಲಕ ಉಸಿರಾಡಲು ಹೇಳಬಹುದು, ನಿಂತಲ್ಲೇ ಓಡಿಸಬಹುದು. ತಲೆ ಸುತ್ತು, ಏದುಸಿರು, ಎದೆ ಬಡಿತ ಎಲ್ಲವೂ ಬೇಕೆಂದೇ ಬರುವ ಹಾಗೆ ಮಾಡುತ್ತಾರೆ. ಬಂದರೂ ಏನೂ ಆಗುವುದಿಲ್ಲ ಎಂದು ದೇಹವೇ ಕಲಿಯುತ್ತದೆ. ಮನೆಯಲ್ಲಿ ನೀವೇ ಪ್ರಯೋಗ ಮಾಡಲು ಹೋಗಬೇಡಿ. ಡಾಕ್ಟರ್ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ (ಖಿನ್ನತೆ, ಆತಂಕಕ್ಕೆ ದಿನಾ ತೆಗೆದುಕೊಳ್ಳುವ ಔಷಧ) ಕೊಟ್ಟರೆ ಪರಿಣಾಮ ಕಾಣಲು ಕೆಲವು ವಾರ ಬೇಕು. ಶುರುವಿನ ದಿನಗಳಲ್ಲಿ ತಳಮಳ ಸ್ವಲ್ಪ ಜಾಸ್ತಿಯೂ ಆಗಬಹುದು. ಅದಕ್ಕೆ ಹೆದರಿ ಮೂರನೇ ದಿನಕ್ಕೇ ಬಿಡುವವರು ಬಹಳ. ಬಿಡುವ ಮೊದಲು ಡಾಕ್ಟರ್‌ಗೆ ಫೋನ್ ಮಾಡಿ.

ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆಗಳಿವೆ. ಉಳಿದ ಕಡೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಇದು. ಕರೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.