ಖಡಿ ಡಸ್ಟಿನಲ್ಲಿ ಮೆಂತೆ ಹಾಕಿ ಮಂಗಳ ಗ್ರಹದ ಕಷ್ಟ ಕಂಡದ್ದು

ನಾನು ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರ. ಮಂಗಳಯಾನದ ಬಗ್ಗೆ ಪಾಠ ಮಾಡಿದ ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಅಲ್ಲಿ ಹೋದೋರು ಉಣ್ಣಾಕ ಏನ್ ಮಾಡ್ತಾರ್ರಿ?" ಎಂದು ಕೇಳಿದಳು. ರಾಕೆಟ್ ಬಗ್ಗೆ ಕೇಳಿದ್ದರೆ ಉತ್ತರ ಇತ್ತು. ಊಟದ ಬಗ್ಗೆ ನಾನೇ ಯೋಚಿಸಿರಲಿಲ್ಲ. "ಬೆಳೆದು ನೋಡೋಣ" ಅಂದುಬಿಟ್ಟೆ.

ಅಂದದ್ದೇನೋ ಅಂದೆ, ಮಂಗಳದ ಮಣ್ಣು ಎಲ್ಲಿಂದ ತರೋದು? ಆಮೇಲೆ ಹೊಳೆಯಿತು. ಮಂಗಳದ ನೆಲ ಬಹುಪಾಲು ಬಸಾಲ್ಟ್, ಅಂದರೆ ಲಾವಾ ಆರಿ ಆದ ಕರಿಕಲ್ಲು. ನಮ್ಮ ಕಡೆ ಬಾವಿ ತೋಡಿದರೆ ಸಿಗೋದೂ ಅದೇ ಜಾತಿಯ ಕಲ್ಲು, ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ಊರ ಹೊರಗೆ ಕಲ್ಲು ಒಡೆದು ಪುಡಿ ಮಾಡುವ ಖಡಿ ಮಷಿನ್ ಇದೆ. ಅಲ್ಲಿಗೆ ಹೋಗಿ ಎರಡು ಚೀಲ ಡಸ್ಟ್ ಕೇಳಿದೆ. "ಏನ್ ಕಟ್ಟಸ್ತೀರಿ ಮಾಸ್ತರ?" ಅಂದರು. ಮೆಂತೆ ಹಾಕ್ತೀವಿ ಅಂದಾಗ ಆ ಮನುಷ್ಯ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ಮನೆಯ ಹಳೇ ಜರಡಿಯಲ್ಲಿ ಸೋಸಿದೆವು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಸಂಜೆ ತನಕ ಸೀನು ನಿಲ್ಲಲಿಲ್ಲ. 1972ರಲ್ಲಿ ಅಪೊಲೊ 17ರಲ್ಲಿ ಚಂದ್ರನ ಮೇಲೆ ಇಳಿದ ಹ್ಯಾರಿಸನ್ ಶ್ಮಿಟ್ ಅವರಿಗೂ ಅಲ್ಲಿಯ ದೂಳಿನಿಂದ ಮೂಗು ಕಟ್ಟಿತ್ತು. ಬಟ್ಟೆಗೆ ಅಂಟಿ ಒಳಗೆ ಬರುವ ಈ ದೂಳನ್ನು ಅಲ್ಲಿ ಗುಡಿಸಿ ಹೊರಗೆ ಹಾಕೋದೂ ಸುಲಭ ಅಲ್ಲ, ಬಾಗಿಲು ತೆಗೆದರೆ ಗಾಳಿ ಹೋಗುತ್ತೆ.

ಮೂರು ಕುಂಡ ಮಾಡಿದೆವು. ಒಂದರಲ್ಲಿ ಬರೀ ಡಸ್ಟ್. ಎರಡನೆಯದರಲ್ಲಿ ಡಸ್ಟಿನ ಜೊತೆ ಕಾಲು ಭಾಗ ತಿಪ್ಪೆ ಗೊಬ್ಬರ. ಮೂರನೆಯದರಲ್ಲಿ ನಮ್ಮ ಹೊಲದ ಎರೆ ಮಣ್ಣು.

ಮೊದಲ ಪೆಟ್ಟು ನೀರಿನಿಂದ ಬಿತ್ತು. ಬರೀ ಡಸ್ಟಿಗೆ ನೀರು ಹಾಕಿದರೆ ಮೇಲೇ ನಿಂತಿತು, ನಿಧಾನ ಇಳಿಯಿತು, ಒಣಗಿದ ಮೇಲೆ ಸಿಮೆಂಟ್ ಹಾಗೆ ಕೂತುಬಿಟ್ಟಿತು. ಉಗುರಿನಿಂದ ತಟ್ಟಿದರೆ ಟಕ್ ಟಕ್ ಅನ್ನುತ್ತಿತ್ತು. ಎಲ್ಲಾ ಒಡೆದು ಮತ್ತೆ ತುಂಬಿ, ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಹನಿ ಹನಿ ಬಿಟ್ಟ ಮೇಲೆ ಸರಿಹೋಯಿತು.

ನಾಲ್ಕನೇ ದಿನ ಮೂರೂ ಕುಂಡದಲ್ಲಿ ಮೊಳಕೆ! "ಸರ್, ಮಂಗಳದಾಗ ಮೆಂತೆ ಬಂದೈತ್ರಿ!" ಎಂದು ಹುಡುಗರು ಸ್ಟಾಫ್ ರೂಮಿಗೇ ಓಡಿ ಬಂದರು. ನಾನೂ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಅದು ನನ್ನ ತಪ್ಪು. ಮೊಳಕೆ ಬರೋದು ಬೀಜದೊಳಗಿನ ಬುತ್ತಿಯಿಂದ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೂ ಬರುತ್ತೆ, ಅಲ್ವಾ? ಬುತ್ತಿ ಮುಗಿದ ಮೇಲೆ ನೆಲ ಏನು ಕೊಡುತ್ತೆ ಅನ್ನೋದು ನಿಜವಾದ ಪರೀಕ್ಷೆ. ಹತ್ತು ಹನ್ನೆರಡು ದಿನಕ್ಕೆ ಮೊದಲ ಕುಂಡದ ಗಿಡ ಎರಡೆಲೆಗೆ ನಿಂತು ಹಳದಿ ತಿರುಗಿತು. 2022ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದವರು ಅಪೊಲೊ ತಂದ ನಿಜವಾದ ಚಂದ್ರನ ಮಣ್ಣಿನಲ್ಲಿ ಗಿಡ ಬೆಳೆಸಿದಾಗಲೂ ಹೀಗೇ ಆಗಿತ್ತು. ಬೀಜವೆಲ್ಲ ಮೊಳೆತವು, ಆಮೇಲೆ ಗಿಡಗಳು ಸೊರಗಿದವು.

ತಿಂಗಳಾದ ಮೇಲೆ ಮೂರೂ ಕಡೆ ಒಂದೊಂದು ಗಿಡ ಕಿತ್ತು ಬೇರು ತೊಳೆದು ನೋಡಿದೆವು. ಎರೆ ಮಣ್ಣಿನ ಬೇರಿನ ತುಂಬ ರಾಗಿ ಕಾಳಿನಷ್ಟು ಗಂಟು. ಬ್ಲೇಡಿನಿಂದ ಒಂದನ್ನು ಸೀಳಿದೆ, ಒಳಗೆ ಗುಲಾಬಿ ಬಣ್ಣ. ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಉಣಿಸುವ ಬ್ಯಾಕ್ಟೀರಿಯಾ ಇರೋ ಮನೆ ಅದು. ಬರೀ ಡಸ್ಟಿನ ಬೇರು ದಾರದ ಹಾಗೆ ನುಣ್ಣಗಿತ್ತು, ಒಂದೂ ಗಂಟಿಲ್ಲ. ಎರೆ ಮಣ್ಣು ಹುಟ್ಟಿದ್ದೂ ಇದೇ ಕಲ್ಲಿನಿಂದಲೇ ಅಂತ ಹೇಳಿದರೆ ಹುಡುಗರು ನಂಬಲಿಲ್ಲ. ಮಳೆ, ಬಿಸಿಲು, ಹುಳ, ಕೊಳೆತ ಎಲೆ, ದನದ ಸಗಣಿ, ಜೊತೆಗೆ ಸಾವಿರಾರು ವರ್ಷ. ಮಂಗಳದಲ್ಲಿ ಕಲ್ಲು ಮಾತ್ರ ಇದೆ. ಅಲ್ಲಿಯ ಗಾಳಿಯ ಒತ್ತಡ ನಮ್ಮದರ ನೂರನೇ ಒಂದು ಭಾಗದಷ್ಟೂ ಇಲ್ಲ, ಆ ಗಾಳಿಯಲ್ಲೂ ಸಾರಜನಕ ನೂರಕ್ಕೆ ಮೂರು ಪಾಲಿಗಿಂತ ಕಮ್ಮಿ.

ಹಾಗಾದರೆ ಗೊಬ್ಬರ? ಹೋದವರದ್ದೇ. ಡಸ್ಟ್ ತುಂಬಿದ ನಾಲ್ಕನೇ ಕುಂಡವೊಂದನ್ನು ಮಾಡಿ ಶಾಲೆಯಲ್ಲಿ ಇಡಲಿಲ್ಲ, ನಮ್ಮ ಮನೆ ಮಾಳಿಗೆ ಮೇಲೆ ಇಟ್ಟೆ. ಒಂದು ಪಾಲು ಮೂತ್ರಕ್ಕೆ ಹತ್ತು ಪಾಲು ನೀರು, ವಾರಕ್ಕೊಮ್ಮೆ. ಮೆಂತೆ ಕಡು ಹಸಿರಾಯಿತು. ಮನೆಯವಳಿಗೆ ಗೊತ್ತಾದ ದಿನ ಆದ ಮಾತುಕತೆ ಇಲ್ಲಿ ಬೇಡ. ಅಂತರಿಕ್ಷ ನಿಲ್ದಾಣದಲ್ಲಿ ಮೂತ್ರ, ಬೆವರು ಎಲ್ಲಾ ಸೇರಿಸಿ 98% ನೀರನ್ನು ಮರಳಿ ಪಡೆಯುತ್ತಾರೆ, ಅದನ್ನೇ ಕುಡಿಯುತ್ತಾರೆ ಅಂತ ಹೇಳಿ ನೋಡಿದೆ, ಉಪಯೋಗ ಆಗಲಿಲ್ಲ. ಆರು ವಾರಕ್ಕೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿತು. ಅದನ್ನು ತೊಳೆಯಬೇಕಂದರೆ ಮತ್ತೆ ನೀರು.

ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ಕುಂಡ ಮಂಗಳಕ್ಕಿಂತ ಎಷ್ಟೋ ಪಾಲು ವಾಸಿ. ಅಲ್ಲಿಯ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಉಪ್ಪಿದೆ, 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿದದ್ದು. ಇದೇ ಜಾತಿಯ ಉಪ್ಪು ರಾಕೆಟ್ಟಿನ ಘನ ಇಂಧನಕ್ಕೆ ಬೇಕು. ಸೊಪ್ಪಿನೊಳಗೆ ಸೇರಿ ಹೊಟ್ಟೆಗೆ ಹೋದರೆ ಥೈರಾಯ್ಡ್ ಕೆಡುತ್ತೆ. ಮಕ್ಕಳ ಕೈಗೆ ಅದನ್ನು ಕೊಡೋ ಧೈರ್ಯ ನನಗಿರಲಿಲ್ಲ. ವಿಕಿರಣ, ಕಡಿಮೆ ಗುರುತ್ವ ಇವನ್ನೂ ಕುಂಡದಲ್ಲಿ ತೋರಿಸೋಕಾಗಲ್ಲ. ಗಾಳಿಯ ಒತ್ತಡ ಮಾತ್ರ ಒಂದು ಸಿರಿಂಜಿನಲ್ಲಿ ತೋರಿಸಿದೆ. ಬಿಸಿನೀರು ಸ್ವಲ್ಪ ಎಳೆದು, ಬಾಯಿಗೆ ಬೆರಳಿಟ್ಟು ದಂಟು ಜಗ್ಗಿದರೆ ಒಲೆ ಇಲ್ಲದೆ ನೀರು ಕುದಿಯುತ್ತೆ. ಮಂಗಳದ ಬಯಲಲ್ಲಿ ಮೆಂತೆಗೆ ನೀರು ಹಾಕೋದು ಅಂದರೆ ಹೆಚ್ಚು ಕಮ್ಮಿ ಇದೇ ಕಥೆ.

ಕೊನೆಗೆ ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ಸೊಪ್ಪಿನಿಂದ ಹೊಟ್ಟೆ ತುಂಬಲ್ಲ, ರೊಟ್ಟಿ ಬೇಕು. ದಿನಕ್ಕೆ ಅರ್ಧ ಕಿಲೋ ಅಂದರೆ ಒಬ್ಬರಿಗೆ ವರ್ಷಕ್ಕೆ 180 ಕಿಲೋ ಜೋಳ. ನಮ್ಮಲ್ಲಿ ಮಳೆ ನಂಬಿದರೆ ಎಕರೆಗೆ ನಾಲ್ಕೈದು ಕ್ವಿಂಟಲ್. ಒಬ್ಬರ ರೊಟ್ಟಿಗೆ ಹದಿನೈದು ಗುಂಟೆಯ ಆಸುಪಾಸು. ಅಷ್ಟನ್ನೂ ಗಾಳಿ ಸೋರದ ಹಾಗೆ ಮುಚ್ಚಬೇಕು, ಬೆಚ್ಚಗಿಡಬೇಕು, ಅಲ್ಲಿ ಬಿಸಿಲು ನಮ್ಮ ಅರ್ಧಕ್ಕಿಂತ ಕಮ್ಮಿ ಆದ್ದರಿಂದ ದೀಪ ಬೇರೆ ಹಾಕಬೇಕು. ಅಪ್ಪನ ಎರಡೆಕರೆ ಹೊಲದಲ್ಲಿ ಕಸ ಕೀಳುವ ಹುಡುಗನೊಬ್ಬ ಲೆಕ್ಕ ನೋಡಿ "ಯಪ್ಪಾ" ಅಂದ, ಅಷ್ಟೇ.

ಈಗ ಮೊದಲ ಕುಂಡಕ್ಕೂ ಗೊಬ್ಬರ ಸೇರಿಸಿ ಹೋದ ವಾರ ಆರು ಎರೆಹುಳು ಬಿಟ್ಟಿದ್ದೇವೆ. ನೆದರ್ಲೆಂಡ್ಸಿನಲ್ಲಿ ಮಂಗಳದ ನಕಲು ಮಣ್ಣಿನಲ್ಲಿ ಅವು ಮರಿ ಹಾಕಿವೆಯಂತೆ. ಮರುದಿನ ಬೆಳಗ್ಗೆ ಬಂದು ನೋಡಿದರೆ ಎರಡು ಹುಳ ಕುಂಡ ಇಳಿದು ವರಾಂಡದಲ್ಲಿ ಬಿದ್ದಿದ್ದವು. "ಅವಕ್ಕೂ ಮನಸ್ಸಿಲ್ರಿ ಸರ್," ಅಂದಳು ಅದೇ ಹುಡುಗಿ, ಎತ್ತಿ ಎರೆ ಮಣ್ಣಿನ ಕುಂಡಕ್ಕೆ ಬಿಡುತ್ತಾ.